ಅಂಗಡಿಯ ನೂಕುನುಗ್ಗಲಿನಲ್ಲಿ ನಮ್ಮ ನಡತೆ

ಆಗಮನ ಕಾಲ ಬಂದಿತೆಂದರೆ ನಮ್ಮ ಕವಲಂದೆಯ ಸುತ್ತಿನ ಕ್ರೈಸ್ತ ಕುಟುಂಬಗಳಲ್ಲಿ ಒಂದು ಸಡಗರ ತಾನಾಗಿಯೇ ಮೂಡುತ್ತದೆ. ಮನೆಗೆ ಸುಣ್ಣಬಣ್ಣವಾಗಬೇಕು, ಗೋದಲಿಗೆ ಹುಲ್ಲು ಹೊಂದಿಸಬೇಕು, ಕರ್ಜಿಕಾಯಿಗೆ ಕೊಬ್ಬರಿ ತರಬೇಕು, ಎಲ್ಲಕ್ಕಿಂತ ಮೊದಲು ಮಕ್ಕಳಿಗೆ ಹೊಸ ಬಟ್ಟೆಯಾಗಬೇಕು. ಚಾಮರಾಜನಗರದ ಕಡೆಯಿಂದ ಬರುವ ರೈಲನ್ನೋ, ನಂಜನಗೂಡಿನ ಮೇಲೆ ಹೋಗುವ ಬಸ್ಸನ್ನೋ ಹಿಡಿದು ಮೈಸೂರು ಸೇರಿ, ಸಯ್ಯಾಜಿರಾವ್ ರಸ್ತೆ, ದೇವರಾಜ ಮಾರುಕಟ್ಟೆ, ಶಿವರಾಂಪೇಟೆಗಳನ್ನು ಸುತ್ತಿ, ಸಾಧ್ಯವಾದರೆ ಅಶೋಕ ರಸ್ತೆಯ ಸಂತ ಫಿಲೋಮಿನಾ ಪ್ರಧಾನಾಲಯದಲ್ಲಿ ಒಂದು ಗಳಿಗೆ ಮೊಣಕಾಲೂರಿ, ಕೈತುಂಬ ಚೀಲಗಳೊಡನೆ ಸಂಜೆಗೆ ಹಿಂದಿರುಗುವುದು ವರ್ಷದ ಸಂತೋಷಗಳಲ್ಲಿ ಒಂದು. ಈ ಸಂತೋಷವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ವರ್ಷವಿಡೀ ದುಡಿದ ತಂದೆ ತನ್ನ ಮಗಳ ಮೈಮೇಲೆ ಹೊಸ ಲಂಗ ನೋಡಲು ಬಯಸುವುದರಲ್ಲಿ ತಪ್ಪೇನಿದೆ? ನಾವು ಇಲ್ಲಿ ವಿಚಾರಮಾಡಬೇಕೆಂದಿರುವುದು ಕೊಳ್ಳುವ ವಸ್ತುವನ್ನು ಕುರಿತಲ್ಲ. ಕೊಳ್ಳುವಾಗ ನಮ್ಮ ಪಕ್ಕದಲ್ಲಿ ನಿಂತಿರುವ ಮನುಷ್ಯನನ್ನು ಕುರಿತು.

ಕಳೆದ ವರ್ಷ ಡಿಸೆಂಬರ್ ತಿಂಗಳ ಒಂದು ಸಂಜೆ ಮೈಸೂರಿನ ಒಂದು ಬಟ್ಟೆ ಅಂಗಡಿಯಲ್ಲಿ ನಾವು ಕಂಡದ್ದನ್ನು ಮೊದಲು ಹೇಳುತ್ತೇವೆ. ಅಂಗಡಿ ಕಿಕ್ಕಿರಿದಿತ್ತು. ಹಣ ಕಟ್ಟುವ ಮೇಜಿನ ಮುಂದೆ ಸಾಲೆಂಬುದು ಹೆಸರಿಗೆ ಮಾತ್ರ ಇತ್ತು. ಅಲ್ಲಿ ನಮ್ಮ ಸೀಮೆಯ ಮಾತಾಡುವ ಒಬ್ಬ ವೃದ್ಧೆ, ಕೈಯಲ್ಲೊಂದು ಪುಟ್ಟ ಹಸಿರು ಫ್ರಾಕು ಹಿಡಿದು, ಇನ್ನೊಂದು ಕೈಯಲ್ಲಿ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದು ನಿಂತಿದ್ದರು. ಮುಂದಿನವರು ಹೋದಂತೆ ಅವರು ಒಂದು ಹೆಜ್ಜೆ ಮುಂದಿಡಬೇಕು. ಅಷ್ಟರಲ್ಲಿ ಪಕ್ಕದಿಂದ ಯಾರೋ ಒಬ್ಬರು ನುಸುಳುವರು. ಹೀಗೆ ಮೂರು ನಾಲ್ಕು ಬಾರಿ ಆಯಿತು. ಐದನೆಯ ಬಾರಿ ಒಬ್ಬ ಗೃಹಿಣಿ ತನ್ನ ಚೀಲಗಳಿಂದಲೇ ಅವರನ್ನು ಬದಿಗೆ ಸರಿಸಿದಾಗ, "ನಾ ಆಗ್ಲೇ ಬಂದು ನಿಂತಿವ್ನಿ ಕನವ್ವ" ಎಂದು ಅವರು ಮೆಲ್ಲಗೆ ಹೇಳಿದರು. "ಅಜ್ಜೀ, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ನಮಗೆ ಟೈಮಿಲ್ಲ" ಎಂಬ ಉತ್ತರ ಬಂದಿತು. ಸ್ವಲ್ಪ ಹೊತ್ತಿನಲ್ಲಿ ಆ ವೃದ್ಧೆ ಗೋಡೆಯ ಗಡಿಯಾರ ನೋಡಿ, ಪಕ್ಕದವರನ್ನು ಗಂಟೆ ಕೇಳಿ, ಫ್ರಾಕನ್ನು ಮೇಜಿನ ಅಂಚಿನ ಮೇಲೆ ಮಡಚಿಟ್ಟು, ರೈಲಿಗೆ ಹೊತ್ತಾಯಿತೆಂದು ಹೊರಟುಹೋದರು.

ಆಕೆಯನ್ನು ಬದಿಗೆ ಸರಿಸಿದ ಗೃಹಿಣಿ ಅನ್ಯರಲ್ಲ, ನಮಗೆ ಪರಿಚಯವಿದ್ದ ಕುಟುಂಬದವರು. ಭಾನುವಾರದ ಬಲಿಪೂಜೆಗೆ ತಪ್ಪದೆ ಬರುವವರು. ಅಷ್ಟೇ ಅಲ್ಲ, ಅದೇ ಸಾಲಿನಲ್ಲಿ ನಾಲ್ಕು ಜನರ ಹಿಂದೆ ನಾವೂ ಇದ್ದೆವು. ಒಂದು ಮಾತಾಡಬಹುದಿತ್ತು. ಪರಿಚಯದವರಿಗೆ ಮುಜುಗರವಾದೀತೆಂದು ನಾವು ಬೇರೆ ಕಡೆ ಮುಖ ತಿರುಗಿಸಿದೆವು. ಆದುದರಿಂದ ಈ ಲೇಖನವನ್ನು ಉಪದೇಶವೆಂದು ಓದುವುದಕ್ಕಿಂತ ಪಾಪನಿವೇದನೆಯ ಒಂದು ಭಾಗವೆಂದು ಓದಿದರೆ ಲೇಸು.

ಇದು ಒಂದು ಅಂಗಡಿಯ, ಒಂದು ಸಂಜೆಯ ಸಂಗತಿಯಲ್ಲ. 2023ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ನಡೆದ ಮೈಸೂರು ರೇಷ್ಮೆ ಸೀರೆಗಳ ರಿಯಾಯಿತಿ ಮಾರಾಟದ ದೃಶ್ಯವೊಂದನ್ನು ದೇಶವೇ ನೋಡಿತು. ಒಂದು ಸೀರೆಗಾಗಿ ಇಬ್ಬರು ಮಹಿಳೆಯರು ಪರಸ್ಪರ ಜುಟ್ಟು ಹಿಡಿದು ಹೊಡೆದಾಡಿದರು. ಬಿಡಿಸಲು ಹೋದವರು ಹರಸಾಹಸ ಪಡಬೇಕಾಯಿತು. ನೋಡಿದವರೆಲ್ಲ ನಕ್ಕರು. ಆದರೆ ಆ ದೃಶ್ಯದಲ್ಲಿ ನಮ್ಮನ್ನು ಕಲಕಿದ್ದು ಹೊಡೆದಾಟವಲ್ಲ. ಸುತ್ತಲಿದ್ದ ಉಳಿದ ಗಿರಾಕಿಗಳು ಏನೂ ಆಗಿಲ್ಲವೆಂಬಂತೆ ಸೀರೆಯ ಮೇಲೆ ಸೀರೆ ಬಿಡಿಸಿ ನೋಡುತ್ತಲೇ ಇದ್ದರು. ಸಿಟ್ಟಿಗೆ ಒಂದು ಗಳಿಗೆಯ ಆಯುಸ್ಸು. ಇಂತಹ ನಿರ್ಲಕ್ಷ್ಯಕ್ಕೆ ಅದಕ್ಕಿಂತ ದೀರ್ಘವಾದ ಆಯುಸ್ಸಿದೆ.

ಈ ನಿರ್ಲಕ್ಷ್ಯ ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ ಅಮೆರಿಕದ ಒಂದು ದುರಂತ ಸಾಕ್ಷಿ. 2008ರ ನವೆಂಬರ್ 28ರಂದು ನ್ಯೂಯಾರ್ಕ್ ರಾಜ್ಯದ ವ್ಯಾಲಿ ಸ್ಟ್ರೀಮ್ ಎಂಬಲ್ಲಿನ ವಾಲ್ಮಾರ್ಟ್ ಅಂಗಡಿಯ ಮುಂದೆ, ಕ್ರಿಸ್ತಜಯಂತಿಯ ಮುಂಚಿನ ರಿಯಾಯಿತಿ ಮಾರಾಟಕ್ಕಾಗಿ ಸುಮಾರು 2,000 ಜನ ರಾತ್ರಿಯಿಂದ ಸೇರಿದ್ದರು. ಬೆಳಗಿನ 5 ಗಂಟೆಯ ಹೊತ್ತಿಗೆ ಜನರ ಒತ್ತಡಕ್ಕೆ ಬಾಗಿಲು ಮುರಿಯಿತು. ಬಾಗಿಲ ಬಳಿ ಕೆಲಸದಲ್ಲಿದ್ದ 34 ವರ್ಷದ ನೌಕರನೊಬ್ಬ ಕಾಲ್ತುಳಿತಕ್ಕೆ ಸಿಕ್ಕಿ ಪ್ರಾಣಬಿಟ್ಟ. ಒಬ್ಬ ಸತ್ತಿದ್ದಾನೆ, ಅಂಗಡಿ ಮುಚ್ಚುತ್ತೇವೆ ಎಂದು ಹೇಳಿದಾಗಲೂ ಕೆಲವರು ತಾವು ಹಿಂದಿನ ದಿನದಿಂದ ಸಾಲಿನಲ್ಲಿದ್ದೇವೆಂದು ಗೊಣಗಿ, ಕೊಳ್ಳುವುದನ್ನು ಮುಂದುವರಿಸಿದರೆಂದು ಪತ್ರಿಕೆಗಳು ವರದಿ ಮಾಡಿದವು. ಆ ಜನ ರಾಕ್ಷಸರಾಗಿರಲಿಲ್ಲ. ಮನೆಯಲ್ಲಿ ಮಕ್ಕಳಿಗೆ ಉಡುಗೊರೆ ಕೊಡಬೇಕೆಂದು ಬಂದಿದ್ದ ತಂದೆತಾಯಿಗಳು ಅವರಲ್ಲಿ ಅನೇಕರಿದ್ದಿರಬೇಕು. ಮೈಸೂರಿನ ಆ ಸಂಜೆಗೂ ಈ ಮುಂಜಾವಿಗೂ ಪ್ರಮಾಣದಲ್ಲಿ ಅಜಗಜಾಂತರವಿದೆ, ನಿಜ. ಆದರೆ ಎದುರಿಗಿರುವ ಮನುಷ್ಯನನ್ನು ಒಂದು ಅಡಚಣೆಯೆಂದು ಕಾಣುವ ದೃಷ್ಟಿ ಎರಡು ಕಡೆಯೂ ಒಂದೇ.

ಮಲ್ಲೇಶ್ವರದ ಆ ಸುದ್ದಿ ನಮ್ಮ ಸೀಮೆಯವರಿಗೆ ಇನ್ನೊಂದು ಕಾರಣದಿಂದ ಹತ್ತಿರದ್ದು. ಮೈಸೂರು ರೇಷ್ಮೆಯ ಊರು ನಮ್ಮದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಆರಂಭವಾಯಿತು. 1980ರಿಂದ ಅದನ್ನು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸುತ್ತ ಬಂದಿದೆ. ಆ ನಿಗಮಕ್ಕೆ ಸೇರಿದ ನೂಲು ಬಿಚ್ಚಾಣಿಕೆಯ ಕಾರ್ಖಾನೆ ಇರುವುದು ನಮ್ಮ ನೆರೆಯ ತಿರುಮಕೂಡಲು ನರಸೀಪುರದಲ್ಲಿ. ಹಿಪ್ಪುನೇರಳೆ ಬೆಳೆದು ಹುಳು ಸಾಕಿದ ಮನೆಯವರಿಗೆ ಅದರ ಕಷ್ಟ ಹೇಳಿಕೊಡಬೇಕಾಗಿಲ್ಲ. ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ನಾಲ್ಕು ಸಲ ಅದಕ್ಕೆ ಜ್ವರ ಬರುತ್ತದೆ. ಪ್ರತಿ ಸಲವೂ ಮೇವು ನಿಲ್ಲಿಸಿ, ಎದ್ದ ಮೇಲೆ ಮತ್ತೆ ಕೊಡಬೇಕು. ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಹೆಚ್ಚು ಕಡಿಮೆ ಒಂದು ತಿಂಗಳು ಮನೆಮಂದಿಯೆಲ್ಲ ಸದ್ದಡಗಿಸಿ ಕಾಯ್ದರೆ ಗೂಡು ಕೈಗೆ ಬರುತ್ತದೆ. ಬಿಸಿನೀರಿನಲ್ಲಿ ನೆನೆದ ಒಂದೊಂದು ಗೂಡಿನಿಂದ ನೂರಾರು ಮೀಟರ್ ಉದ್ದದ ಒಂದೇ ಎಳೆಯನ್ನು ಕಡಿಯದಂತೆ ಬಿಚ್ಚಬೇಕು. ಅಂತಹ ಹಲವು ಎಳೆಗಳನ್ನು ಸೇರಿಸಿದರೆ ಒಂದು ನೂಲು. ಅವಸರಪಟ್ಟರೆ ಎಳೆ ಕಡಿಯಿತು.

ಇಷ್ಟು ಕೈಗಳ ತಾಳ್ಮೆಯಿಂದ ಹುಟ್ಟಿದ ಸೀರೆಯನ್ನು ಕೊಳ್ಳಲು ಹೋದ ನಮಗೆ ಹತ್ತು ನಿಮಿಷ ನಿಲ್ಲುವಷ್ಟು ತಾಳ್ಮೆಯಿಲ್ಲವೆಂದರೆ ಆ ಕೈಗಳಿಗೆ ನಾವು ಕೊಟ್ಟ ಬೆಲೆಯೇನು? ವಸ್ತುವಿನ ಬೆಲೆ ಚೀಟಿಯ ಮೇಲಿರುತ್ತದೆ. ಅದರ ಹಿಂದಿರುವ ಶ್ರಮಕ್ಕೆ ಸಲ್ಲಬೇಕಾದ ಗೌರವವನ್ನು ಮಾತ್ರ ನಮ್ಮ ನಡತೆಯಿಂದಲೇ ಸಲ್ಲಿಸಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. "ವಸ್ತು ಕಡಿಮೆ, ಜನ ಹೆಚ್ಚು, ಮುಂದೆ ನುಗ್ಗದಿದ್ದರೆ ಸಿಕ್ಕುವುದಿಲ್ಲ. ಅಭಾವವೇ ಮನುಷ್ಯನನ್ನು ಒರಟನನ್ನಾಗಿ ಮಾಡುತ್ತದೆ" ಎಂಬುದು ಆ ವಾದ. ಇದು ಪೂರ್ಣ ಸತ್ಯವಲ್ಲವೆಂಬುದನ್ನು ನಮ್ಮ ಅನುಭವವೇ ತೋರಿಸಿಕೊಡುತ್ತದೆ. ಸೀಮೆಎಣ್ಣೆಗೂ ಸಕ್ಕರೆಗೂ ನ್ಯಾಯಬೆಲೆ ಅಂಗಡಿಯ ಮುಂದೆ ನಿಲ್ಲುತ್ತಿದ್ದ ದಿನಗಳನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ಬಿಸಿಲಿನಲ್ಲಿ ನಿಲ್ಲಲಾರದವರು ತಮ್ಮ ಜಾಗದಲ್ಲಿ ಒಂದು ಡಬ್ಬವನ್ನೋ, ಚೀಲವನ್ನೋ, ಕಡೆಗೆ ಒಂದು ಕಲ್ಲನ್ನೋ ಇಟ್ಟು ಮರದ ನೆರಳಿಗೆ ಹೋಗಿ ಕೂರುತ್ತಿದ್ದರು. ಆ ಕಲ್ಲನ್ನು ಯಾರೂ ಕದಲಿಸುತ್ತಿರಲಿಲ್ಲ. ಜಗಳಗಳಾಗುತ್ತಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಕಲ್ಲಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಅವನ ಮನೆಯಲ್ಲೂ ದೀಪ ಉರಿಯಬೇಕು ಎಂಬ ತಿಳಿವಳಿಕೆ ಸಾಮಾನ್ಯವಾಗಿತ್ತು. ಅನ್ನದ ಅಭಾವದಲ್ಲಿ ಒಂದು ಕಲ್ಲಿಗೆ ಕೊಟ್ಟ ಮರ್ಯಾದೆಯನ್ನು ಇಂದು ಬಟ್ಟೆಯ ಸಮೃದ್ಧಿಯಲ್ಲಿ ಜೀವಂತ ಮನುಷ್ಯರಿಗೆ ಕೊಡಲಾರದವರಾಗಿದ್ದೇವೆ.

2020ರ ಮಾರ್ಚ್ 24ರ ಮಧ್ಯರಾತ್ರಿಯಿಂದ ದೇಶವೆಲ್ಲ ಬಾಗಿಲು ಹಾಕಿದಾಗ ದಿನಸಿ ಅಂಗಡಿಗಳ ಮುಂದೆ ಸುಣ್ಣದ ವೃತ್ತಗಳು ಬಂದವು. ಒಬ್ಬೊಬ್ಬರು ಒಂದೊಂದು ವೃತ್ತದಲ್ಲಿ ನಿಂತೆವು. ರೋಗದ ಭಯ ಕಲಿಸಿದ ಶಿಸ್ತು ಅದು. ಭಯ ಹೋದಂತೆ ಸುಣ್ಣವೂ ಅಳಿಸಿತು, ಶಿಸ್ತೂ ಅಳಿಸಿತು. ನಮಗೆ ಸಾಲಿನಲ್ಲಿ ನಿಲ್ಲಲು ಬರುವುದಿಲ್ಲವೆಂಬುದು ಸುಳ್ಳೆಂದು ಆ ತಿಂಗಳುಗಳು ಸಾಬೀತುಪಡಿಸಿದವು. ಜೊತೆಗೆ, ಭಯದಿಂದ ಕಲಿತದ್ದು ಬಹುಕಾಲ ಉಳಿಯುವುದಿಲ್ಲವೆಂಬುದನ್ನೂ.

ಹಾಗಾದರೆ ನಮ್ಮನ್ನು ನುಗ್ಗಿಸುವುದು ಯಾವುದು? 1975ರಲ್ಲಿ ಸ್ಟೀಫನ್ ವರ್ಚೆಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರೂ ಅವರ ಸಹೋದ್ಯೋಗಿಗಳೂ ಒಂದು ಸರಳ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಒಂದೇ ಬಗೆಯ ಬಿಸ್ಕತ್ತುಗಳನ್ನು ಕೆಲವರಿಗೆ 10 ಇದ್ದ ಡಬ್ಬದಿಂದಲೂ, ಕೆಲವರಿಗೆ 2 ಮಾತ್ರ ಇದ್ದ ಡಬ್ಬದಿಂದಲೂ ಕೊಡಲಾಯಿತು. ಎರಡೇ ಇದ್ದಾಗ ಅವು ಹೆಚ್ಚು ಬೇಕೆನಿಸಿದವು. ಬೇರೆಯವರು ತೆಗೆದುಕೊಂಡದ್ದರಿಂದ ಕಡಿಮೆಯಾಗಿವೆ ಎಂದು ತಿಳಿದಾಗ ಆಸೆ ಇನ್ನೂ ಹೆಚ್ಚಾಯಿತು. ಬಿಸ್ಕತ್ತು ಮಾತ್ರ ಅದೇ ಬಿಸ್ಕತ್ತು. "ಇಂದು ಮಾತ್ರ", "ಕೆಲವೇ ಉಳಿದಿವೆ" ಎಂಬ ಫಲಕಗಳನ್ನು ವ್ಯಾಪಾರಿಗಳು ಸುಮ್ಮನೆ ತೂಗುಹಾಕುವುದಿಲ್ಲ. ನಮ್ಮ ಅಗತ್ಯ ಮುಗಿದಲ್ಲಿಂದ ನೆರೆಯವನ ಕೈಯಲ್ಲಿರುವುದರ ಮೇಲಿನ ಆಸೆ ಆರಂಭವಾಗುತ್ತದೆ. ನೆರೆಯವನ ವಸ್ತುವಿಗೆ ಆಸೆಪಡಬೇಡವೆಂಬ ದೇವರ ಕಟ್ಟಳೆಯನ್ನು ಬಾಲ್ಯದಲ್ಲೇ ಬಾಯಿಪಾಠ ಮಾಡಿದ ನಮಗೆ ಇದನ್ನು ಅರಿಯಲು ಪ್ರಯೋಗಶಾಲೆಯ ಅಗತ್ಯವಿರಲಿಲ್ಲ. ಆದರೂ ಅದು ಅಂಗಡಿಯ ಫಲಕದ ರೂಪದಲ್ಲಿ ಬಂದಾಗ ಗುರುತು ಹಿಡಿಯಲು ತಪ್ಪುತ್ತೇವೆ.

ಗಿರಾಕಿಗಳು ಪರಸ್ಪರ ತೋರುವ ಒರಟುತನದ ಕೊನೆಯ ಪೆಟ್ಟು ಬೀಳುವುದು ಅಂಗಡಿಯ ನೌಕರರ ಮೇಲೆ. ಸಾಲಿನಲ್ಲಿ ಸೋತವನ ಸಿಟ್ಟು ಅವರ ಮೇಲೆ. ಗೆದ್ದವನ ಅವಸರವೂ ಅವರ ಮೇಲೆ. ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಇಂದು ಮೈಸೂರು, ನಂಜನಗೂಡುಗಳ ಅಂಗಡಿಗಳಲ್ಲಿ ದುಡಿಯುತ್ತಿದ್ದಾರೆ. ಅವರಲ್ಲಿ ಒಬ್ಬಳು ನಮ್ಮೊಡನೆ ಹೇಳಿದ ಮಾತಿದು: "ಕಿತ್ತು ಬಿಸಾಡಿದ ಬಟ್ಟೆ ಮಡಚೋದು ಕಷ್ಟ ಅಲ್ಲ ಸ್ವಾಮಿ, ಅದು ನನ್ನ ಕೆಲಸ. ಮುಖ ನೋಡದೆ ಚಿಟಿಕೆ ಹೊಡೆದು ಕರೀತಾರಲ್ಲ, ಆ ಸದ್ದು ರಾತ್ರಿ ಮನೆಗೆ ಹೋದ ಮೇಲೂ ಕೇಳಿಸುತ್ತೆ." ಇದನ್ನು ಕೇಳಿದ ಮೇಲೆ ಯಾವ ಅಂಗಡಿಗೆ ಹೋದರೂ ನಮ್ಮ ಬೆರಳುಗಳನ್ನು ನಾವೇ ಗಮನಿಸುವಂತಾಗಿದೆ.

ಹಬ್ಬದ ದಿನಗಳಲ್ಲಿ ಈ ಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುತ್ತಾರೆ. ನೆರೆಯ ಕೇರಳದಲ್ಲಿ ಕಲ್ಲಿಕೋಟೆಯ ಜವಳಿ ಅಂಗಡಿಗಳ ಮಹಿಳೆಯರು ಕೆಲಸದ ನಡುವೆ ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಆ ರಾಜ್ಯ ಅಂಗಡಿಗಳ ಕಾನೂನಿಗೆ ತಿದ್ದುಪಡಿ ತಂದು ಅವರಿಗೆ ಆಸನ ಒದಗಿಸುವುದನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಕುಳಿತುಕೊಳ್ಳಲು ಒಂದು ಕುರ್ಚಿ ಎಂಬ ಸಣ್ಣ ವಿಷಯಕ್ಕೂ ಕಾನೂನು ಬೇಕಾಯಿತಲ್ಲ ಎಂಬುದು ಮಾಲೀಕರು ಮಾತ್ರವಲ್ಲ, ಗಿರಾಕಿಗಳೂ ಯೋಚಿಸಬೇಕಾದ ಸಂಗತಿ. ಕುಳಿತ ಹುಡುಗಿಯನ್ನು ಕಂಡು "ಗಿರಾಕಿ ಬಂದರೂ ಏಳುವುದಿಲ್ಲ" ಎಂದು ದೂರುವವರು ನಾವೇ ಅಲ್ಲವೇ?

ಅಂಗಡಿಯ ಸಾಲನ್ನು ನಾವು ಕೇವಲ ಅನುಕೂಲದ ಏರ್ಪಾಡೆಂದು ತಿಳಿದಿದ್ದೇವೆ. ನಮ್ಮ ನಾಡಿನ ಚರಿತ್ರೆಯನ್ನು ಬಲ್ಲವರಿಗೆ ಅದು ಅದಕ್ಕಿಂತ ದೊಡ್ಡದು. ಈ ದೇಶದ ಹಳ್ಳಿಗಳಲ್ಲಿ ಕೆಲವು ಜಾತಿಗಳ ಜನ ಅಂಗಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ದೂರದಲ್ಲಿ ನಿಂತು ಕೂಗಿ ಕೇಳಬೇಕು, ಕಾಸನ್ನು ನೆಲದ ಮೇಲಿಡಬೇಕು, ಸಾಮಾನನ್ನು ಎಸೆದದ್ದನ್ನು ಸೆರಗಿನಲ್ಲಿ ಹಿಡಿಯಬೇಕು. ಉಳಿದವರೆಲ್ಲ ಕೊಂಡು ಮುಗಿದ ಮೇಲೆಯೇ ಅವರ ಸರದಿ. 1949ರ ನವೆಂಬರ್ 26ರಂದು ಅಂಗೀಕೃತವಾದ ನಮ್ಮ ಸಂವಿಧಾನದ 15ನೇ ವಿಧಿ ಈ ಅವಮಾನವನ್ನು ಮರೆಯಲಿಲ್ಲ. ಧರ್ಮ, ಜಾತಿ, ಲಿಂಗ ಮೊದಲಾದ ಕಾರಣಗಳಿಂದ ಯಾವ ಪ್ರಜೆಗೂ ಪ್ರವೇಶ ನಿರಾಕರಿಸಬಾರದ ತಾಣಗಳನ್ನು ಹೆಸರಿಸುವಾಗ ಅದು ಮೊದಲು ಹೇಳುವುದು ಅಂಗಡಿಗಳನ್ನೇ. ಬಾವಿ, ಕೆರೆ, ರಸ್ತೆಗಳು ಆಮೇಲೆ ಬರುತ್ತವೆ. ಸಾಲಿನಲ್ಲಿ ಮೊದಲು ಬಂದವನು ಮೊದಲು; ಅವನ ಜಾತಿ ಯಾವುದು, ಅವನ ಬಟ್ಟೆ ಹೇಗಿದೆ, ಅವನ ಮಾತು ಹಳ್ಳಿಯದೋ ಪಟ್ಟಣದ್ದೋ ಎಂದು ಸಾಲು ಕೇಳುವುದಿಲ್ಲ. ಆದ್ದರಿಂದ ಬಡವಿಯೊಬ್ಬಳನ್ನು ಸಾಲಿನಿಂದ ಸರಿಸುವ ಕೈ ಕೇವಲ ಒರಟು ಕೈಯಲ್ಲ. ತನಗರಿವಿಲ್ಲದೆಯೇ ಅದು ಹಳೆಯ ಕಾಲದ ಕೆಲಸವನ್ನು ಮುಂದುವರಿಸುತ್ತಿರುತ್ತದೆ. ಆ ಸಂಜೆ ನುಸುಳಿದವರಲ್ಲಿ ಒಬ್ಬರಾದರೂ ಸೂಟು ಧರಿಸಿದ ಒಬ್ಬ ಅಧಿಕಾರಿಯನ್ನು ಹಾಗೆ ಸರಿಸುತ್ತಿದ್ದರೇ?

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುವಾಗ ಸಂತ ತೋಮಾಸ್ ಅಕ್ವಿನಾಸರು ಸ್ನೇಹಶೀಲ ನಡತೆಯನ್ನು ಕುರಿತು ಬರೆದ ಭಾಗವನ್ನು ನಾವು ಹಗುರವಾಗಿ ದಾಟಿಹೋಗಿದ್ದೆವು. ಸೌಜನ್ಯವೆಂಬುದು ದೊಡ್ಡ ಸದ್ಗುಣಗಳ ನಡುವೆ ಒಂದು ಅಲಂಕಾರವೆಂದು ಆಗ ನಮಗೆ ತೋರಿತ್ತು. ಆದರೆ 13ನೇ ಶತಮಾನದ ಆ ಮಹಾಪಂಡಿತರು ತಮ್ಮ 'ಸುಮ್ಮಾ ಥಿಯೊಲಾಜಿಕಾ' ಗ್ರಂಥದಲ್ಲಿ ಈ ಗುಣವನ್ನು ಎಲ್ಲಿ ಇಟ್ಟಿದ್ದಾರೆಂಬುದು ಗಮನಾರ್ಹ. ಅವರು ಅದನ್ನು ನ್ಯಾಯವೆಂಬ ಸದ್ಗುಣಕ್ಕೆ ಸೇರಿಸಿದ್ದಾರೆ. ಮನುಷ್ಯ ಸಮಾಜಜೀವಿ, ಜೊತೆಯಲ್ಲಿ ಬದುಕುವವರೊಡನೆ ಹಿತವಾಗಿ ನಡೆದುಕೊಳ್ಳುವುದು ಅವನು ಸಲ್ಲಿಸಬೇಕಾದ ಒಂದು ಋಣ ಎಂಬುದು ಅವರ ವಾದದ ಸಾರ. ನ್ಯಾಯಾಲಯ ವಸೂಲು ಮಾಡುವ ಋಣ ಅದಲ್ಲ, ಆದರೂ ಋಣವೇ. ಗುರುತಿಲ್ಲದವರಿಗೆ ಸ್ನೇಹ ತೋರಿಸುವುದು ಕಪಟವಲ್ಲವೇ ಎಂಬ ಪ್ರಶ್ನೆಯನ್ನೂ ಅವರೇ ಎತ್ತಿಕೊಂಡು, ಒಂದು ಸಾಮಾನ್ಯ ಪ್ರೀತಿಯಿಂದ ಪ್ರತಿಯೊಬ್ಬ ಮನುಷ್ಯನೂ ಸಹಜವಾಗಿಯೇ ಇನ್ನೊಬ್ಬನಿಗೆ ಮಿತ್ರ ಎಂದು ಉತ್ತರಿಸುತ್ತಾರೆ. ಈ ಗುಣಕ್ಕೆ ವಿರುದ್ಧವಾದ ದೋಷಗಳು ಎರಡು: ಮುಖಸ್ತುತಿ ಮತ್ತು ಕಲಹ. ನಮ್ಮ ಅಂಗಡಿಗಳಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಕಾಣಸಿಗುತ್ತವೆ. ಉಳ್ಳವರ ಮುಂದೆ ಮುಖಸ್ತುತಿ, ಇಲ್ಲದವರ ಮೇಲೆ ಕಲಹ.

ಸೌಜನ್ಯ ಋಣವೆಂದ ಮೇಲೆ "ನನಗೆ ಮನಸ್ಸಿದ್ದರೆ ತೋರಿಸುತ್ತೇನೆ" ಎನ್ನುವಂತಿಲ್ಲ. ಅಂಗಡಿಯವನಿಗೆ ಹಣ ಕಟ್ಟುವಾಗ ನಮ್ಮ ಮನಸ್ಥಿತಿ ಚೆನ್ನಾಗಿಲ್ಲವೆಂದು ಹತ್ತು ರೂಪಾಯಿ ಕಡಿಮೆ ಕೊಡುತ್ತೇವೆಯೇ? ಪಕ್ಕದವರಿಗೆ ಸಲ್ಲಬೇಕಾದ ಸರದಿಯೂ ಹಾಗೆಯೇ. ಅದು ನಮ್ಮ ಔದಾರ್ಯವಲ್ಲ, ಅವರ ಸೊತ್ತು.

ಈ ಋಣವನ್ನು ಕೊರಿಂಥದ ಸಭೆಗೆ ಸಂತ ಪೌಲರು ಒಂದು ಊಟದ ಪ್ರಸಂಗದಲ್ಲಿ ನೆನಪಿಸಿದ್ದರು. ಅಲ್ಲಿ ಪ್ರಭುವಿನ ಭೋಜನಕ್ಕೆ ಸೇರಿದವರಲ್ಲಿ ಕೆಲವರು ಮೊದಲೇ ಬಂದು ಉಂಡು ಕುಡಿದು ತೃಪ್ತರಾಗುತ್ತಿದ್ದರು. ಉಳಿದವರು ಹಸಿದೇ ಇರುತ್ತಿದ್ದರು. ಆ ಹಸಿದವರು ಇಡೀ ದಿನ ದುಡಿದು ತಡವಾಗಿ ಬರುತ್ತಿದ್ದ ಬಡವರಾಗಿರಬೇಕೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ಇಂತಹ ಗಂಭೀರ ಸ್ಥಿತಿಗೆ ಪೌಲರು ಸೂಚಿಸಿದ ಪರಿಹಾರ ಆಶ್ಚರ್ಯವಾಗುವಷ್ಟು ಸರಳ. ಕೂಡಿ ಬಂದಾಗ ಒಬ್ಬರು ಇನ್ನೊಬ್ಬರಿಗಾಗಿ ಕಾಯಬೇಕೆಂದರು, ಅಷ್ಟೇ. ಅದೇ ಪತ್ರದಲ್ಲಿ ಮುಂದೆ ಪ್ರೀತಿಯ ಲಕ್ಷಣಗಳನ್ನು ಎಣಿಸುವಾಗ ತಾಳ್ಮೆಯನ್ನು ಮೊದಲನೆಯದಾಗಿ ಹೇಳಿ, ಪ್ರೀತಿ ಮರ್ಯಾದೆಗೆಟ್ಟು ನಡೆಯುವುದಿಲ್ಲವೆಂಬುದನ್ನೂ ಸೇರಿಸಿದರು. ಒರಟುತನವನ್ನು ಅವರು ಸಣ್ಣ ದೋಷವೆಂದು ಬಿಟ್ಟುಬಿಡಲಿಲ್ಲ.

ನಮ್ಮ ಕನ್ನಡದಲ್ಲಿ 'ಕಾಯುವುದು' ಎಂಬ ಮಾತಿಗೆ ಎರಡು ಅರ್ಥಗಳಿರುವುದು ನಮ್ಮ ಭಾಗ್ಯ. ಬಸ್ಸಿಗಾಗಿ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ಮಗ ಬರುವವರೆಗೆ ತಾಯಿ ಊಟ ಮಾಡದೆ ಕಾಯುತ್ತಾಳೆ. ಜ್ವರ ಬಂದ ಮಗುವನ್ನು ರಾತ್ರಿಯಿಡೀ ಕಾಯುತ್ತಾಳೆ. ಕಾಪಾಡುವ ದೇವರನ್ನೂ "ಕಾಯೋ" ಎಂದೇ ಕರೆಯುತ್ತೇವೆ. ಇನ್ನೊಬ್ಬರಿಗಾಗಿ ಒಂದು ಗಳಿಗೆ ತಡೆದು ನಿಲ್ಲುವುದೆಂದರೆ ಆ ಗಳಿಗೆಯ ಮಟ್ಟಿಗೆ ಅವರನ್ನು ರಕ್ಷಿಸುವುದೇ ಆಗಿದೆಯೆಂದು ನಮ್ಮ ಹಿರಿಯರ ನುಡಿ ಅರಿತಿತ್ತು. ಸಾಲಿನಲ್ಲಿ ಕಾಯುವವನು ಸಮಯ ಕಳೆದುಕೊಳ್ಳುತ್ತಿಲ್ಲ. ತನ್ನ ಮುಂದಿರುವವನ ಮಾನವನ್ನು ಕಾಯುತ್ತಿದ್ದಾನೆ. ಆಗಮನ ಕಾಲ ಕಾಯುವ ಕಾಲ. ನಾಲ್ಕು ವಾರ ಪ್ರಭುವಿಗಾಗಿ ಕಾಯುತ್ತೇವೆಂದು ಮೇಣದ ಬತ್ತಿ ಹಚ್ಚಿ ಹಾಡುವ ನಾವು ಒಬ್ಬ ಅಜ್ಜಿಗಾಗಿ ನಾಲ್ಕು ನಿಮಿಷ ಕಾಯಲಾರೆವಾದರೆ ಆ ಬತ್ತಿಗಳ ಬೆಳಕು ಯಾರಿಗೆ?

ಅಂಗಡಿಯವರ ಹೊಣೆಯನ್ನು ನಾವು ಮರೆತಿಲ್ಲ. ಹಬ್ಬದ ದಿನಗಳಲ್ಲಿ ಹಣ ಕಟ್ಟುವ ಮೇಜುಗಳನ್ನು ಹೆಚ್ಚಿಸುವುದು, ಸಾಲಿಗೆ ಹಗ್ಗ ಕಟ್ಟಿಸುವುದು, ಬಂದವರಿಗೆ ಚೀಟಿ ಕೊಡುವುದು, ವೃದ್ಧರಿಗೂ ಬಸುರಿಯರಿಗೂ ಕೂರಲು ಬೆಂಚು ಹಾಕುವುದು, ಬಾಗಿಲ ದಾರಿಯಲ್ಲಿ ಸಾಮಾನು ಪೇರಿಸದಿರುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಗುಂಪು ಕೂಡಿಸುವ ಜಾಹೀರಾತು ಕೊಟ್ಟವರು ಗುಂಪನ್ನು ಸಂಭಾಳಿಸುವ ಏರ್ಪಾಡನ್ನೂ ಮಾಡಬೇಕು. ಆದರೆ ಯಾವ ಹಗ್ಗವೂ ಮನಸ್ಸನ್ನು ಕಟ್ಟಿಹಾಕಲಾರದು. ನಮ್ಮ ಪಾಲಿನ ಕೆಲಸ ನಮ್ಮಲ್ಲೇ ಉಳಿಯುತ್ತದೆ.

ಅದನ್ನು ಮನೆಯಿಂದಲೇ ಆರಂಭಿಸಬಹುದು. ಹೊರಡುವ ಮೊದಲು ಬೇಕಾದುದನ್ನು ಬರೆದಿಟ್ಟುಕೊಂಡರೆ ಅರ್ಧ ಅವಸರ ಇಲ್ಲಿಯೇ ಕಳೆಯುತ್ತದೆ. ಹಬ್ಬದ ಹಿಂದಿನ ಶನಿವಾರಕ್ಕೆ ಎಲ್ಲವನ್ನೂ ಉಳಿಸಿಕೊಳ್ಳದೆ ನವೆಂಬರಿನಲ್ಲೇ ಒಂದು ದಿನ ಹೋಗಿಬಂದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಮಕ್ಕಳನ್ನು ಮುಂದೆ ನುಸುಳಿಸಿ ಜಾಗ ಹಿಡಿಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಅಂದು ಮಗು ಕಲಿಯುವ ಪಾಠವನ್ನು ಹತ್ತು ವರ್ಷದ ಧರ್ಮೋಪದೇಶ ತರಗತಿಯೂ ಅಳಿಸಲಾರದು. ತೆಗೆದು ನೋಡಿದ ಬಟ್ಟೆಯನ್ನು ತೆಗೆದ ಜಾಗದಲ್ಲೇ ಇಡೋಣ. ಹಣ ಕಟ್ಟುವಾಗಲಾದರೂ ಮೊಬೈಲನ್ನು ಕಿವಿಯಿಂದ ಇಳಿಸಿ ಎದುರಿಗಿರುವವರ ಮುಖ ನೋಡೋಣ.

ವಿಶ್ವಗುರು ಫ್ರಾನ್ಸಿಸರು 2015ರ ಮೇ ತಿಂಗಳಲ್ಲಿ ಕುಟುಂಬಗಳನ್ನು ಕುರಿತು ಮಾತನಾಡುತ್ತ ಮೂರು ಮಾತುಗಳನ್ನು ಎತ್ತಿಹೇಳಿದ್ದರು: ಅನುಮತಿ ಕೇಳುವ ಮಾತು, ಕೃತಜ್ಞತೆಯ ಮಾತು, ಕ್ಷಮೆಯ ಮಾತು. 2025ರ ಏಪ್ರಿಲಿನಲ್ಲಿ ಅವರು ನಮ್ಮನ್ನು ಅಗಲಿದರೂ ಆ ಮೂರು ಮಾತುಗಳು ಉಳಿದಿವೆ. ಇವನ್ನು ಆಡಲು ನಮಗೆ ಪರಭಾಷೆಯ ಶಿಷ್ಟಾಚಾರ ಬೇಕಿಲ್ಲ. ನಮ್ಮ ಸಂತೆಗಳಲ್ಲಿ ಇಂದಿಗೂ ಸೊಪ್ಪು ಮಾರುವವಳು ಕೊಳ್ಳುವವಳಿಗೆ "ಅಕ್ಕಾ", ಕೊಳ್ಳುವವಳು ಅವಳಿಗೆ "ಅವ್ವಾ". ಎರಡು ರೂಪಾಯಿಗೆ ಚೌಕಾಸಿ ನಡೆದರೂ ನಂಟಿನ ಕರೆ ತಪ್ಪುವುದಿಲ್ಲ. ಕಣ್ಣು ಕೋರೈಸುವ ದೀಪಗಳ ಅಂಗಡಿಯೊಳಗೆ ಕಾಲಿಟ್ಟೊಡನೆ ಆ ಅಕ್ಕ, ಅಣ್ಣ, ತಾಯಿ, ಅಜ್ಜ ಎಲ್ಲರೂ ಎಲ್ಲಿ ಮಾಯವಾಗುತ್ತಾರೆ? "ನೀವು ಮೊದಲು ಬಂದಿರಿ ತಾಯಿ, ಮುಂದೆ ಹೋಗಿ" ಎಂಬ ಒಂದು ಮಾತು ಇಡೀ ಸಾಲನ್ನು ನೆಟ್ಟಗೆ ನಿಲ್ಲಿಸುವುದನ್ನು ನಾವು ಕಂಡಿದ್ದೇವೆ. ಒರಟುತನದಂತೆ ಸೌಜನ್ಯವೂ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಆರಂಭಿಸಲು ಒಬ್ಬರು ಬೇಕು.

ಕಳೆದ ಡಿಸೆಂಬರಿನ ಆ ಸಂಜೆ ಆರಂಭಿಸಬೇಕಾಗಿದ್ದ ಒಬ್ಬರು ನಾವೇ ಆಗಿದ್ದೆವು. ನಾವು ಆರಂಭಿಸಲಿಲ್ಲ. ನಮ್ಮ ಸರದಿ ಬಂದಾಗ ಆ ಹಸಿರು ಫ್ರಾಕು ಇನ್ನೂ ಮೇಜಿನ ಅಂಚಿನಲ್ಲೇ ಇತ್ತು. ಹಣ ಎಣಿಸುತ್ತಿದ್ದ ಹುಡುಗ ಅದನ್ನು ಹಿಂದಕ್ಕೆ ಎಸೆದು, "ಮುಂದಿನವರು ಬನ್ನಿ" ಎಂದ. ಆ ಮನೆಯ ಮಗು ಅಂದು ರಾತ್ರಿ ರೈಲಿನಿಂದ ಇಳಿದ ಅಜ್ಜಿಯ ಕೈಯನ್ನು ನೋಡಿರಬೇಕು. ಅವರ ಊರು ಯಾವುದು, ಅವರು ಯಾವ ಜಾತಿಯವರು, ಯಾವ ಧರ್ಮದವರು ಎಂಬುದು ನಮಗೆ ಗೊತ್ತಿಲ್ಲ. ನಮ್ಮ ಮುಂದಿದ್ದರು ಎಂಬುದಷ್ಟೇ ಗೊತ್ತು. ಅಷ್ಟು ಗೊತ್ತಿದ್ದರೆ ಸಾಕಾಗಿತ್ತು.

ಈ ವರ್ಷವೂ ನಮ್ಮ ಕುಟುಂಬಗಳು ಮೈಸೂರಿಗೆ ಹೋಗುತ್ತವೆ, ಹೋಗಲಿ. ಒಳ್ಳೆಯ ಬಟ್ಟೆ ತರಲಿ, ಮಕ್ಕಳು ನಲಿಯಲಿ. ಯಾವುದೋ ಅಂಗಡಿಯ ಯಾವುದೋ ಸಾಲಿನಲ್ಲಿ ಸೆರಗಿನ ಗಂಟು ಹಿಡಿದು ನಿಂತವರೊಬ್ಬರು ನಮಗೆ ಖಂಡಿತ ಕಾಣಸಿಗುತ್ತಾರೆ. ಅವರು ತಮ್ಮ ವಸ್ತುವನ್ನು ಕೊಂಡು, ತಮ್ಮ ರೈಲನ್ನು ಹಿಡಿಯುವವರೆಗೆ ನಾವು ಕಾಯೋಣ. ಕನ್ನಡದ ಎರಡೂ ಅರ್ಥದಲ್ಲಿ ಕಾಯೋಣ.